ಕಣ್ಣು ಮುಚ್ಚಿದರೆ ಅಮ್ಮ ಯಾಕೆ ತೂರಾಡುತ್ತಾರೆ?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು, ಅಂದಿನಿಂದಲೂ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದಾರೆ. ನಾವು ಸಸ್ಯಾಹಾರಿಗಳು. ಹಗಲು ಹೊತ್ತು ಮನೆ, ಅಂಗಳ ಅಂತ ಚೆನ್ನಾಗಿಯೇ ಓಡಾಡಿಕೊಂಡಿರುತ್ತಾರೆ. ಆದರೆ ಸುಮಾರು ಒಂದು ವರ್ಷದಿಂದ, ತಲೆಗೆ ನೀರು ಹುಯ್ದುಕೊಳ್ಳುವಾಗ ಕಣ್ಣು ಮುಚ್ಚಿದರೆ ಆಯ ತಪ್ಪುತ್ತದೆ. ಹೋದ ತಿಂಗಳು ರಾತ್ರಿ ಕರೆಂಟು ಹೋದಾಗ ನಡುಮನೆಯಲ್ಲೇ ಬಿದ್ದರು. ಮೆದುಳಿನ ಎಂಆರ್‌ಐ ಮಾಡಿಸಿದೆವು, ‘ವಯಸ್ಸಿಗೆ ತಕ್ಕ ಹಾಗಿದೆ, ಏನೂ ತೊಂದರೆ ಇಲ್ಲ’ ಎಂದರು. ತಲೆಸುತ್ತಿನ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದರೂ ಗುಣ ಕಂಡಿಲ್ಲ. ಮೆದುಳು ಸರಿಯಿದ್ದರೆ ದೇಹ ಯಾಕೆ ಹೀಗೆ ತೂರಾಡುತ್ತದೆ? ನಡಿಗೆ, ಸಮತೋಲನ ಇದನ್ನೆಲ್ಲ ಮೆದುಳು ನೋಡಿಕೊಳ್ಳುವುದಾದರೂ ಹೇಗೆ? ನಮ್ಮ ಸೋದರಮಾವನಿಗೆ ಪಾರ್ಕಿನ್ಸನ್ ಇತ್ತು, ಇದೂ ಅದೇ ಇರಬಹುದೇ ಎಂಬ ಹೆದರಿಕೆ ಬೇರೆ. ಊರುಗೋಲು ಹಿಡಿಯಿರಿ ಎಂದರೆ ಅಮ್ಮ ಒಪ್ಪುವುದಿಲ್ಲ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಣ್ಣಿಗೆ ನೀರು ಬಿದ್ದಾಗ ಆಯ ತಪ್ಪುವುದು, ಕತ್ತಲಾದೊಡನೆ ಬೀಳುವುದು. ನೀವು ಬರೆದಿರುವ ಈ ಎರಡು ಸಂಗತಿ ನರರೋಗ ವೈದ್ಯರಿಗೆ ಎಂಆರ್‌ಐಗಿಂತ ಹೆಚ್ಚು ಹೇಳುತ್ತವೆ. ತಾಯಿಯವರನ್ನು ಪರೀಕ್ಷಿಸದೆ ಕಾಯಿಲೆಯ ಹೆಸರು ಹೇಳುವುದು ನ್ಯಾಯವಲ್ಲ. ಆದರೆ ಎಲ್ಲಿ ಹುಡುಕಬೇಕು ಎನ್ನುವುದನ್ನು ಧೈರ್ಯವಾಗಿ ಹೇಳಬಲ್ಲೆ: ಮೊದಲು ಅವರ ಪಾದಗಳಲ್ಲಿ, ಆಮೇಲೆ ಬೆನ್ನುಹುರಿಯಲ್ಲಿ. ಮೆದುಳಿನ ಚಿತ್ರ ಸರಿಯಾಗಿ ಬಂದಿದೆ ಎಂದವರು ಸುಳ್ಳು ಹೇಳಿಲ್ಲ. ಆ ಚಿತ್ರದಲ್ಲಿ ಪಾದದ ನರ ಕಾಣುವುದಿಲ್ಲ.

ಸುಮ್ಮನೆ ನಿಂತಿದ್ದೇವೆ ಎಂದುಕೊಂಡಾಗಲೂ ನಮ್ಮ ದೇಹ ಸುಮ್ಮನಿರುವುದಿಲ್ಲ. ಗೇಣುದ್ದದ ಎರಡು ಪಾದಗಳ ಮೇಲೆ ಐದೂವರೆ ಅಡಿ ಎತ್ತರದ ಮೈ ನಿಂತಿದೆ, ಅದರ ಭಾರದ ನಡುಬಿಂದು ಇರುವುದು ಸೊಂಟದ ಮಟ್ಟದಲ್ಲಿ. ಹಾಗಾಗಿ ಮೈ ಯಾವಾಗಲೂ ಯಾವುದೋ ಒಂದು ಕಡೆಗೆ ವಾಲಲು ಶುರು ಮಾಡಿರುತ್ತದೆ. ಮೀನಖಂಡದ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಿಸಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆರೋಗ್ಯವಂತರೂ ಹೀಗೆ ಸಣ್ಣದಾಗಿ ಓಲಾಡುತ್ತಲೇ ಇರುತ್ತಾರೆ, ಆ ಓಲಾಟ ಅವರ ಗಮನಕ್ಕೆ ಬರುವುದಿಲ್ಲ. ಎಷ್ಟು ವಾಲಿದೆ, ಯಾವ ಕಡೆಗೆ, ಎಷ್ಟು ಬೇಗ ಎಂಬ ಸುದ್ದಿ ಮೆದುಳಿಗೆ ಎಡೆಬಿಡದೆ ಬೇಕು.

ಈ ಸುದ್ದಿ ಬರುವುದು ಮೂರು ಕಡೆಯಿಂದ. ಕಣ್ಣು ಸುತ್ತಲಿನ ಗೋಡೆ, ಬಾಗಿಲು, ನೆಲದ ಅಂಚು ನೋಡಿ ಹೇಳುತ್ತದೆ. ಒಳಕಿವಿ ತಲೆಯ ತಿರುಗು, ವಾಲು ಅಳೆದು ಹೇಳುತ್ತದೆ. ಪಾದದ ಚರ್ಮ, ಕೀಲು, ಸ್ನಾಯುಗಳು ನೆಲದ ಒತ್ತಡ ಎಲ್ಲಿ ಬೀಳುತ್ತಿದೆ, ಕಣಕಾಲು ಎಷ್ಟು ಬಾಗಿದೆ ಎಂದು ಹೇಳುತ್ತವೆ. ಊರ ಪಂಚಾಯಿತಿಯಲ್ಲಿ ಮೂವರು ಸಾಕ್ಷಿಗಳ ಮಾತು ಕೇಳಿ, ಯಾರನ್ನು ಎಷ್ಟು ನಂಬಬೇಕೆಂದು ತೂಗಿ ತೀರ್ಪು ಕೊಡುವ ಹಾಗೆ ಮೆದುಳು ಈ ಮೂರನ್ನೂ ತೂಗುತ್ತದೆ. ಗಟ್ಟಿ ನೆಲ, ಒಳ್ಳೆಯ ಬೆಳಕು ಇದ್ದಾಗ ಆರೋಗ್ಯವಂತರ ಮೆದುಳು ಸರಿಸುಮಾರು ಶೇ. 70ರಷ್ಟು ಪಾದದ ಕಡೆಯ ಸುದ್ದಿಯನ್ನೇ ನೆಚ್ಚುತ್ತದೆ. ಒಳಕಿವಿಗೆ ಶೇ. 20, ಕಣ್ಣಿಗೆ ಶೇ. 10ರಷ್ಟು ಪಾಲು. ಈ ಲೆಕ್ಕ ಸ್ಥಿರವಲ್ಲ. ಮರಳಿನ ಮೇಲೋ ಮೆತ್ತನೆಯ ಹಾಸಿಗೆಯ ಮೇಲೋ ನಿಂತರೆ ಪಾದದ ಮಾತಿಗೆ ಬೆಲೆ ಇಳಿದು ಉಳಿದೆರಡಕ್ಕೆ ಏರುತ್ತದೆ.

ಈಗ ನಿಮ್ಮ ಬಚ್ಚಲುಮನೆಗೆ ಬನ್ನಿ. ಪಾದದ ಸುದ್ದಿ ನಿಧಾನವಾಗಿ ಕುಂದುತ್ತಾ ಬಂದವರಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತಿರುತ್ತದೆ. ಹಗಲಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಸ್ವತಃ ಅವರಿಗೂ ಗೊತ್ತಾಗುವುದಿಲ್ಲ. ತಲೆಗೆ ನೀರು ಹುಯ್ದು ಕಣ್ಣು ಮುಚ್ಚಿದ ಕ್ಷಣ ಇದ್ದ ಆಸರೆಯೂ ಹೋಗುತ್ತದೆ. ಒಳಕಿವಿಯೊಂದರಿಂದ ಕಣಕಾಲಿನ ಸಣ್ಣ ಓಲಾಟವನ್ನು ಹಿಡಿಯುವುದು ಕಷ್ಟ. ಕರೆಂಟು ಹೋದಾಗ ಆದದ್ದೂ ಇದೇ.

ವೈದ್ಯರು ಎರಡು ಪಾದ ಜೋಡಿಸಿ ನಿಲ್ಲಿಸಿ ‘ಈಗ ಕಣ್ಣು ಮುಚ್ಚಿ’ ಎನ್ನುವ ಪರೀಕ್ಷೆ ಇದನ್ನೇ ನೋಡುತ್ತದೆ. ಬರ್ಲಿನ್ನಿನ ಮೊರಿಟ್ಜ್ ರೋಂಬರ್ಗ್ 1840ರ ದಶಕದಲ್ಲಿ ಇದನ್ನು ವಿವರಿಸಿದರು, ಇಂದಿಗೂ ಅವರ ಹೆಸರಿನಲ್ಲೇ ಇದೆ. ಸಿಫಿಲಿಸ್ ರೋಗ ಹಳತಾಗಿ ಬೆನ್ನುಹುರಿಯ ಹಿಂಭಾಗ ಹಾಳಾದವರು ಆಗಿನ ಕಾಲದಲ್ಲಿ ಬಹಳ ಇದ್ದರು. ಅವರು ಕಣ್ಣು ಬಿಟ್ಟಿದ್ದಾಗ ನಿಲ್ಲುತ್ತಿದ್ದರು, ಮುಚ್ಚಿದಾಗ ಬೀಳುತ್ತಿದ್ದರು. ಮುಖ ತೊಳೆಯಲು ಬೋಗುಣಿಗೆ ಬಾಗಿ ಕಣ್ಣು ಮುಚ್ಚಿದಾಗ ಮುಂದಕ್ಕೆ ಮುಗ್ಗರಿಸುವುದು ಅವರ ಸಾಮಾನ್ಯ ದೂರು. ಈ ಪರೀಕ್ಷೆಯನ್ನು ದಯವಿಟ್ಟು ಮನೆಯಲ್ಲಿ ಒಬ್ಬರೇ ಮಾಡಲು ಬಿಡಬೇಡಿ.

ಪಾದದ ಸುದ್ದಿ ಎಂದರೆ ಏನು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪಂಚೇಂದ್ರಿಯಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ, ಆದ್ದರಿಂದ ಇದು ಇದೆ ಎಂಬುದೇ ನಮಗೆ ನೆನಪಿರುವುದಿಲ್ಲ. ಕಣ್ಣು ಮುಚ್ಚಿ ನಿಮ್ಮ ಬಲಗೈ ಎಲ್ಲಿದೆ ಎಂದು ಯೋಚಿಸಿ. ನೋಡದೆಯೇ ಗೊತ್ತಾಗುತ್ತದಲ್ಲ? ಪ್ರತಿ ಸ್ನಾಯುವಿನೊಳಗೂ ಅದರ ಉದ್ದ ಎಷ್ಟು, ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಅಳೆಯುವ ಸೂಕ್ಷ್ಮ ಅಂಗಗಳಿವೆ. ಅಲ್ಲಿಂದ ಹೊರಡುವ ನರತಂತುಗಳು ದೇಹದಲ್ಲೇ ಅತಿ ವೇಗದವು, ಸೆಕೆಂಡಿಗೆ 80ರಿಂದ 120 ಮೀಟರ್. ಎಳೆತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೀಝೋ–2 ಎಂಬ ಪ್ರೋಟೀನನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹೆಬ್ಬೆರಳಿನ ಕೀಲಿನಿಂದ ಹೊರಟ ಈ ಸುದ್ದಿ ಸೊಂಟದ ಹತ್ತಿರ ಬೆನ್ನುಹುರಿಯನ್ನು ಹೊಕ್ಕು, ಅದರ ಹಿಂಭಾಗದಲ್ಲಿ ನೇರ ಮೇಲಕ್ಕೇರಿ, ಕತ್ತಿನ ಮೇಲಿನ ಮೆದುಳಕಾಂಡದ ಬುಡವನ್ನು ಮುಟ್ಟುತ್ತದೆ. ಅಷ್ಟೂ ದೂರ ಒಂದೇ ಜೀವಕೋಶದ ಎಳೆ. ಅಷ್ಟು ಉದ್ದದ ಎಳೆಯನ್ನು ಪೋಷಿಸಿ ಇಟ್ಟುಕೊಳ್ಳುವುದು ಕಷ್ಟವಾದ್ದರಿಂದಲೇ ಸಕ್ಕರೆ ಕಾಯಿಲೆ ಮೊದಲು ಬೆರಳ ತುದಿಯನ್ನು ಹಿಡಿಯುತ್ತದೆ, ಆಮೇಲೆ ಪಾದ, ಆಮೇಲೆ ಕಣಕಾಲು.

ಈ ಇಂದ್ರಿಯ ಪೂರ್ತಿ ಹೋದರೆ ಏನಾಗುತ್ತದೆ? ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬವರ ವಿಷಯ ವೈದ್ಯಲೋಕದಲ್ಲಿ ಪ್ರಸಿದ್ಧ. 1971ರಲ್ಲಿ, 19ನೇ ವಯಸ್ಸಿನಲ್ಲಿ ಬಂದ ಜ್ವರದ ನಂತರ ಕತ್ತಿನ ಕೆಳಗೆ ಸ್ಪರ್ಶ ಮತ್ತು ಅಂಗಗಳ ನೆಲೆಯ ಅರಿವು ಎರಡೂ ಹೋದವು. ನೋವು ತಿಳಿಯುತ್ತಿತ್ತು, ಬಿಸಿ ತಣ್ಣಗೆ ತಿಳಿಯುತ್ತಿತ್ತು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳಿಗೆ ಏನೂ ಆಗಿರಲಿಲ್ಲ. ಅಂದರೆ ಲಕ್ವ ಅಲ್ಲವೇ ಅಲ್ಲ. ಆದರೂ ಎದ್ದು ಕೂರಲಾಗಲಿಲ್ಲ. ಕೈ ಎತ್ತಿದರೆ ಅದು ಎಲ್ಲಿಗೋ ಹೋಗುತ್ತಿತ್ತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಪ್ರತಿ ಅಂಗವನ್ನೂ ಕಣ್ಣಿನಿಂದ ನೋಡುತ್ತ, ಪ್ರತಿ ಹೆಜ್ಜೆಯನ್ನೂ ಮನಸ್ಸಿನಲ್ಲೇ ಯೋಚಿಸುತ್ತ ಅವರು ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಮಾತ್ರ ಕುಸಿಯುತ್ತಿದ್ದರು. ನಿಮ್ಮ ತಾಯಿಯವರ ತೊಂದರೆ ಇಷ್ಟು ದೊಡ್ಡದಲ್ಲ, ಆದರೆ ದಾರಿ ಅದೇ ಎಂದು ನನ್ನ ಅಂದಾಜು.

ಒಳಕಿವಿಯ ವಿಷಯಕ್ಕೆ ಬರುವುದು ಅಗತ್ಯ, ಏಕೆಂದರೆ ತೂರಾಟ ಎಂದೊಡನೆ ನಮ್ಮಲ್ಲಿ ಎಲ್ಲರೂ ‘ವರ್ಟಿಗೋ’, ಅಂದರೆ ಒಳಕಿವಿಯ ತಲೆಸುತ್ತು, ಎಂದೇ ತೀರ್ಮಾನಿಸಿಬಿಡುತ್ತಾರೆ. ಎರಡೂ ಕಿವಿಯ ಆಳದಲ್ಲಿ, ಒಂದಕ್ಕೊಂದು ಅಡ್ಡವಾಗಿ ಮೂರು ದಿಕ್ಕಿನಲ್ಲಿ ಕೂತ ಮೂರು ಅರ್ಧವೃತ್ತದ ಕೊಳವೆಗಳಿವೆ. ಅವುಗಳೊಳಗೆ ದ್ರವ. ತಲೆ ತಿರುಗಿದಾಗ ಕೊಳವೆಯೂ ತಿರುಗುತ್ತದೆ, ಒಳಗಿನ ದ್ರವ ಹಿಂದೆ ಬೀಳುತ್ತದೆ. ಅದರ ಒತ್ತಡಕ್ಕೆ ಸೂಕ್ಷ್ಮ ರೋಮಕೋಶಗಳು ಬಾಗಿ ಸುದ್ದಿ ಕಳಿಸುತ್ತವೆ. ಪಕ್ಕದಲ್ಲಿ ಇನ್ನೆರಡು ಸಣ್ಣ ಚೀಲಗಳಿದ್ದು, ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಅಂಟಿನ ಪದರದ ಮೇಲೆ ಕೂತಿರುತ್ತವೆ. ತಲೆ ಓರೆಯಾದರೆ, ಬಸ್ಸು ಗಕ್ಕನೆ ನಿಂತರೆ ಹರಳಿನ ಭಾರ ಸರಿದು ಅದನ್ನು ತಿಳಿಸುತ್ತದೆ. ಇದರ ಕೆಲಸವನ್ನು ಬಿಡಿಸಿ ತೋರಿಸಿದ ವಿಯೆನ್ನಾದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಸಿಕ್ಕಿತು. ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು.

ಒಳಕಿವಿ ಎಷ್ಟು ಚುರುಕು ಎಂದು ಕೂತಲ್ಲೇ ನೋಡಬಹುದು. ತೋರುಬೆರಳನ್ನು ಕಣ್ಣೆದುರು ಹಿಡಿದು ಬೆರಳನ್ನೇ ಎಡಬಲಕ್ಕೆ ಜೋರಾಗಿ ಅಲ್ಲಾಡಿಸಿ. ಉಗುರಿನ ಗೆರೆ ಮಸುಕಾಗುತ್ತದೆ. ಈಗ ಬೆರಳು ಅಲುಗದಂತೆ ಹಿಡಿದು ತಲೆಯನ್ನು ಅಷ್ಟೇ ಜೋರಾಗಿ ಅಲ್ಲಾಡಿಸಿ. ಉಗುರು ಸ್ಪಷ್ಟವಾಗಿಯೇ ಕಾಣುತ್ತದೆ. ಮೊದಲ ಸಲ ಕಣ್ಣು ತಾನೇ ಬೆರಳನ್ನು ಹಿಂಬಾಲಿಸಬೇಕಿತ್ತು, ಅದು ನಿಧಾನದ ಕೆಲಸ. ಎರಡನೆಯ ಸಲ ಒಳಕಿವಿ ಮೂರೇ ನರಕೋಶಗಳ ದಾರಿಯಲ್ಲಿ ಕಣ್ಣಿನ ಸ್ನಾಯುಗಳಿಗೆ ಸಂಕೇತ ಕಳಿಸಿ, ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಣ್ಣನ್ನು ತಲೆಯ ವಿರುದ್ಧ ದಿಕ್ಕಿಗೆ ತಿರುಗಿಸಿತು. ನಡೆಯುವಾಗ ತಲೆ ಹೆಜ್ಜೆಹೆಜ್ಜೆಗೂ ಕುಲುಕಿದರೂ ಅಂಗಡಿಯ ಬೋರ್ಡು ಓದಲಾಗುವುದು ಇದರಿಂದಲೇ. ಎರಡೂ ಒಳಕಿವಿ ಕೆಟ್ಟವರಿಗೆ ನಡೆಯುವಾಗ ಎದುರಿನದೆಲ್ಲ ಕುಣಿದಂತೆ ಕಾಣುತ್ತದೆ.

ಸಾಕ್ಷಿಗಳ ನಡುವೆ ಜಗಳ ಬಂದರೆ ಆಗುವ ಗೊಂದಲ ನಿಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಕೂತು ಮೊಬೈಲ್ ನೋಡುತ್ತಿದ್ದರೆ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ, ಒಳಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಫಲ ಹೊಟ್ಟೆ ತೊಳೆಸು. ಕಿಟಕಿಯಿಂದ ದೂರದ ರಸ್ತೆ ನೋಡಿದರೆ ಎರಡೂ ಒಂದೇ ಮಾತಾಡಲು ಶುರು ಮಾಡುವುದರಿಂದ ಸಮಾಧಾನ ಸಿಗುತ್ತದೆ.

ಒಳಕಿವಿಯ ಕಾಯಿಲೆಗೂ ನಿಮ್ಮ ತಾಯಿಯವರ ಲಕ್ಷಣಕ್ಕೂ ಇರುವ ವ್ಯತ್ಯಾಸ ಗಮನಿಸಿ. ಒಳಕಿವಿ ಕೆರಳಿದರೆ ಕೋಣೆಯೇ ಗಿರಗಿರ ತಿರುಗುತ್ತದೆ, ವಾಂತಿ ಬರುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬ ತೆಗೆಯಲು ತಲೆ ಎತ್ತಿದಾಗ ಕೆಲವೇ ಸೆಕೆಂಡು ತಿರುಗಿ ನಿಂತರೆ ಅದು ಹರಳುಗಳು ಜಾಗ ಬಿಟ್ಟು ಕೊಳವೆಯೊಳಗೆ ಸೇರಿದ್ದರ ಲಕ್ಷಣ. ಅದಕ್ಕೆ ಮಾತ್ರೆ ಬೇಕಿಲ್ಲ. ಅಮೆರಿಕದ ಜಾನ್ ಎಪ್ಲಿ ರೂಪಿಸಿದ ಕ್ರಮದಂತೆ ತಲೆಯನ್ನು ನಾಲ್ಕೈದು ಭಂಗಿಗಳಲ್ಲಿ ತಿರುಗಿಸಿ ಹರಳನ್ನು ಮೊದಲಿನ ಜಾಗಕ್ಕೆ ಜಾರಿಸಬಹುದು, ಕೆಲವೇ ನಿಮಿಷದ ಕೆಲಸ. ನೀವು ಎಲ್ಲೂ ಕೋಣೆ ತಿರುಗುತ್ತದೆ ಎಂದು ಬರೆದಿಲ್ಲ. ತಾಯಿಯವರನ್ನು ಒಮ್ಮೆ ಕೇಳಿ ನೋಡಿ: ತಿರುಗುವುದು ತಲೆಯೋ, ಹಿಡಿತ ತಪ್ಪುವುದು ಕಾಲೋ? ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆಯೇ? ಕಾಲಿನಿಂದ ಚಪ್ಪಲಿ ಜಾರಿ ಹೋದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾದದ್ದುಂಟೇ? ಈ ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ ನನ್ನ ಅನುಮಾನ ಮುಕ್ಕಾಲು ಪಾಲು ಗಟ್ಟಿಯಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಸುದ್ದಿ ಬರುವ ದಾರಿ. ಈ ಸುದ್ದಿಯನ್ನೆಲ್ಲ ಇಟ್ಟುಕೊಂಡು ಚಲನೆಯನ್ನು ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ಕಿರುಮೆದುಳಿನದು. ತಲೆಯ ಹಿಂಬದಿಯಲ್ಲಿ, ಕತ್ತಿನ ಮೇಲ್ಗಡೆ ಅದರ ಜಾಗ. ಗಾತ್ರದಲ್ಲಿ ಇಡೀ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇದರೊಳಗೇ ಇವೆ. ಯೋಚನೆ, ಮಾತು, ನೆನಪು ಎಂದೆಲ್ಲ ನಾವು ಕೊಂಡಾಡುವ ದೊಡ್ಡ ಮೆದುಳಿಗೆ ಉಳಿದಿರುವುದು ಐದರಲ್ಲೊಂದು ಪಾಲಿಗಿಂತ ಕಡಿಮೆ. ತಟ್ಟೆಯಿಂದ ತುತ್ತನ್ನು ಬಾಯಿಗೆ ಚೆಲ್ಲದೆ ತರುವುದು ಎಷ್ಟು ದೊಡ್ಡ ಲೆಕ್ಕಾಚಾರ ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಕಿರುಮೆದುಳು ಏನು ಮಾಡುತ್ತದೆ ಎಂದು ನಮಗೆ ಸ್ಪಷ್ಟವಾದದ್ದು ಯುದ್ಧದ ಗಾಯಗಳಿಂದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬ್ರಿಟಿಷ್ ಸೇನಾ ಆಸ್ಪತ್ರೆಯಲ್ಲಿದ್ದ ಗಾರ್ಡನ್ ಹೋಮ್ಸ್, ತಲೆಯ ಹಿಂದೆ ಗುಂಡು ತಗುಲಿದ ಸೈನಿಕರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ 1917ರಲ್ಲಿ ಬರೆದರು. ಈ ಸೈನಿಕರಿಗೆ ಲಕ್ವ ಇರಲಿಲ್ಲ. ಬೆರಳಿನಿಂದ ಮೂಗು ಮುಟ್ಟಲು ಹೋದರೆ ಗುರಿ ದಾಟಿ ಹೋಗುತ್ತಿತ್ತು, ತಿದ್ದಲು ಹೋದರೆ ಮತ್ತೊಂದು ಕಡೆಗೆ ದಾಟುತ್ತಿತ್ತು. ನಡೆಯುವಾಗ ಕಾಲು ಅಗಲಿಸಿ ಓಲಾಡುತ್ತಿದ್ದರು. ಗಾಯ ಬಲಗಡೆಯಾದರೆ ತೊಂದರೆಯೂ ಬಲಗಡೆಯ ಕೈಕಾಲಿಗೇ. ದೊಡ್ಡ ಮೆದುಳಿನಲ್ಲಾದರೆ ಎಡಭಾಗ ಬಲಗೈಯನ್ನು ನಡೆಸುತ್ತದೆ, ಕಿರುಮೆದುಳಿನಲ್ಲಿ ಹಾಗಿಲ್ಲ. ಹೋಮ್ಸ್ ಅವರ ರೋಗಿಯೊಬ್ಬ ಹೇಳಿದ ಮಾತು ನನಗೆ ಯಾವಾಗಲೂ ನೆನಪಾಗುತ್ತದೆ: ಎಡಗೈ ತಾನಾಗಿಯೇ ಕೆಲಸ ಮಾಡುತ್ತದೆ, ಬಲಗೈಯ ಪ್ರತಿಯೊಂದು ಚಲನೆಯನ್ನೂ ಮಾತ್ರ ನಾನೇ ಯೋಚಿಸಿ ಮಾಡಬೇಕು ಎಂದಿದ್ದ. ನಮ್ಮ ತಲೆಯಿಂದ ಆ ಯೋಚನೆಯ ಹೊರೆಯನ್ನು ಇಳಿಸಿರುವುದೇ ಕಿರುಮೆದುಳು.

ಅದು ಹೊರೆ ಇಳಿಸುವುದು ಮುಂಗಾಣುವ ಮೂಲಕ. ಪಾದದಿಂದ ಸುದ್ದಿ ಮೇಲೆ ಬಂದು, ತೀರ್ಮಾನವಾಗಿ, ಆಜ್ಞೆ ಕೆಳಗಿಳಿಯುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಓಡುವವರಿಗೆ, ಮೆಟ್ಟಿಲು ಇಳಿಯುವವರಿಗೆ ಅದು ತಡವೇ. ಹಾಗಾಗಿ ಮೆದುಳು ಸುದ್ದಿಗೆ ಕಾಯುತ್ತ ಕೂರುವುದಿಲ್ಲ. ಆಜ್ಞೆ ಕೊಡುವಾಗಲೇ ಅದರ ಒಂದು ಪ್ರತಿ ಕಿರುಮೆದುಳಿಗೂ ಹೋಗುತ್ತದೆ. ‘ಹೀಗೆ ಮಾಡಿದರೆ ಹೀಗಾಗಬೇಕು’ ಎಂದು ಅದು ಮೊದಲೇ ಲೆಕ್ಕ ಹಾಕಿರುತ್ತದೆ. ನಿಂತವರು ಎರಡೂ ಕೈಯನ್ನು ಥಟ್ಟನೆ ಮುಂದಕ್ಕೆತ್ತಿದರೆ, ತೋಳಿನ ಸ್ನಾಯುವಿಗಿಂತ ಮೊದಲೇ ಕಾಲಿನ ಹಿಂಬದಿಯ ಸ್ನಾಯುಗಳು ಬಿಗಿಯುತ್ತವೆ. ಕೈಯ ಭಾರ ಮುಂದೆ ಬಂದು ಮೈ ಮುಗ್ಗರಿಸೀತು ಎಂದು ತಿಳಿದು ಮೊದಲೇ ಕಟ್ಟಿದ ಆಸರೆ ಅದು. ಈ ಮುಂಗಾಣ್ಕೆ ನಮ್ಮ ಅರಿವಿನ ಮಾತನ್ನೂ ಕೇಳುವುದಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಎಸ್ಕಲೇಟರ್ ಕೆಟ್ಟು ನಿಂತಿದೆ ಎಂದು ಕಣ್ಣಾರೆ ಕಂಡೂ ಅದರ ಮೇಲೆ ಕಾಲಿಟ್ಟ ಕ್ಷಣ ಮೈ ಮುಂದಕ್ಕೆ ತೂಗುತ್ತದಲ್ಲ, ಅದು ಇದೇ. ಚಲಿಸುವ ಮೆಟ್ಟಿಲಿಗೆ ಸಿದ್ಧವಾಗುವುದನ್ನು ದೇಹ ಕಲಿತಿದೆ, ನಿಂತಿದೆ ಎಂಬ ನಿಮ್ಮ ತಿಳಿವಳಿಕೆ ಅಲ್ಲಿಗೆ ತಲುಪುವುದಿಲ್ಲ.

ಲೆಕ್ಕ ತಪ್ಪಿದಾಗ ತಿದ್ದಿಕೊಳ್ಳುವ ವ್ಯವಸ್ಥೆಯೂ ಅಲ್ಲೇ ಇದೆ. ಕಿರುಮೆದುಳಿನ ದೊಡ್ಡ ನರಕೋಶಗಳನ್ನು 1837ರಲ್ಲಿ ವಿವರಿಸಿದ ಪುರ್ಕಿಂಜೆ ಅವರ ಹೆಸರಿನಿಂದಲೇ ಕರೆಯುತ್ತಾರೆ. ಒಂದೊಂದು ಕೋಶಕ್ಕೂ ಲಕ್ಷಕ್ಕೂ ಹೆಚ್ಚು ಸಣ್ಣ ಎಳೆಗಳು ಬಂದು ಸೇರುತ್ತವೆ. ಇವಲ್ಲದೆ, ಬಳ್ಳಿಯಂತೆ ಸುತ್ತಿಕೊಂಡ ಒಂದೇ ಒಂದು ಬಲವಾದ ಎಳೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಬಂದಾಗ ಆ ಒಂಟಿ ಎಳೆ ಎಚ್ಚರಿಸುತ್ತದೆ, ಆಗ ತಪ್ಪಿಗೆ ಕಾರಣವಾದ ಸಣ್ಣ ಎಳೆಗಳ ಬಲ ಕುಗ್ಗುತ್ತದೆ. ಜಪಾನಿನ ಮಸಾವೊ ಇಟೊ ಪ್ರಯೋಗಗಳಿಂದ ತೋರಿಸಿದ ವಿಷಯ ಇದು. ಮಗು ಸೈಕಲ್ ಕಲಿಯುವುದು, ಹೊಸ ಕನ್ನಡಕಕ್ಕೆ ಕಣ್ಣು ಒಗ್ಗುವುದು, ಯಕ್ಷಗಾನದವರು ಗಿರ್ಕಿ ಹೊಡೆದ ಮರುಕ್ಷಣವೇ ತೂರಾಡದೆ ನಿಲ್ಲುವುದು ಎಲ್ಲದರಲ್ಲೂ ಈ ತಿದ್ದುಪಡಿಯ ಕೈವಾಡ ಇದೆ. ನಿಮ್ಮ ತಾಯಿಯವರಿಗೂ ಇದು ಒಳ್ಳೆಯ ಸುದ್ದಿ: 67ರಲ್ಲೂ ಈ ಕಲಿಕೆ ನಿಂತಿರುವುದಿಲ್ಲ.

ಕಿರುಮೆದುಳೇ ಕೆಟ್ಟಿದ್ದರೆ ತೂರಾಟ ಕಣ್ಣು ಬಿಟ್ಟಾಗಲೂ ಇರುತ್ತಿತ್ತು, ಹಗಲಿನಲ್ಲೂ ಇರುತ್ತಿತ್ತು. ಮಾತು ತೊದಲುತ್ತಿತ್ತು, ನೀರು ತುಂಬಿದ ಲೋಟ ಹಿಡಿದರೆ ಚೆಲ್ಲುತ್ತಿತ್ತು. ಕುಡಿದವರ ನಡಿಗೆ ಹಾಗಾಗುವುದು ಮದ್ಯ ಕಿರುಮೆದುಳನ್ನು ಮಂಕಾಗಿಸುವುದರಿಂದ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಪ್ರಮಾಣ ಹೆಚ್ಚಾದರೂ ಅದೇ ಚಿತ್ರ ಕಾಣುತ್ತದೆ.

ಇನ್ನು ಪಾರ್ಕಿನ್ಸನ್ ಹೆದರಿಕೆ. ಮೆದುಳಿನ ಆಳದಲ್ಲಿರುವ ನರಕೋಶಗಳ ಗಂಟುಗಳು ಯಾವ ಚಲನೆ ಶುರುವಾಗಬೇಕು, ಯಾವುದನ್ನು ತಡೆಹಿಡಿಯಬೇಕು, ಎಷ್ಟು ರಭಸವಾಗಿ ನಡೆಯಬೇಕು ಎಂಬುದನ್ನು ನಿರ್ಧರಿಸಲು ನೆರವಾಗುತ್ತವೆ. ಅವಕ್ಕೆ ಡೋಪಮೈನ್ ಬೇಕು. ಅದನ್ನು ಕೊಡುವ ಕೋಶಗಳು ಸಾಯುತ್ತ ಬಂದರೆ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಕಾಯಿಲೆ. ಅದರಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ, ಸುಮ್ಮನೆ ಕೂತಾಗ ಬೆರಳು ನಡುಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಕಣ್ಣು ಮುಚ್ಚಿದಾಗ ಮಾತ್ರ ಬೀಳುವುದು ಅದರ ರೀತಿಯಲ್ಲ. ನೀವು ಬರೆದದ್ದರಲ್ಲಿ ಇವು ಯಾವುದೂ ಇಲ್ಲ. ಹೆಜ್ಜೆ ಹಾಕುವ ಲಯ ಹುಟ್ಟುವುದು ಬೆನ್ನುಹುರಿಯಲ್ಲೇ ಎಂದು 1911ರಲ್ಲೇ ಗ್ರಹಾಂ ಬ್ರೌನ್ ಬೆಕ್ಕುಗಳಲ್ಲಿ ತೋರಿಸಿದ್ದರು, ಅದಕ್ಕೆ ಮೇಲಿನಿಂದ ಬೇಕಾಗುವುದು ‘ಹೊರಡು’, ‘ನಿಲ್ಲು’, ‘ತಿರುಗು’ ಎಂಬ ಆಜ್ಞೆ. ಆ ಆಜ್ಞೆಯ ದಾರಿ ಕೆಟ್ಟರೆ ಕಾಲು ಬಿಗಿದು ಸೋಲುತ್ತದೆ. ಅದೂ ನಿಮ್ಮ ವಿವರಣೆಯಲ್ಲಿ ಇಲ್ಲ.

ಆದರೆ ಪಾರ್ಕಿನ್ಸನ್ ವಿಷಯ ಬಂದದ್ದರಿಂದ ಆ ತಲೆಸುತ್ತಿನ ಮಾತ್ರೆಯ ಬಗ್ಗೆ ಹೇಳಲೇಬೇಕು. ದಯವಿಟ್ಟು ಇವತ್ತೇ ಪಟ್ಟಿಯ ಮೇಲಿನ ಹೆಸರು ಓದಿ. ಅದರಲ್ಲಿ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಅಥವಾ ಫ್ಲುನರಿಜಿನ್ ಇದ್ದರೆ ಆರು ತಿಂಗಳು ನುಂಗುವಂಥದ್ದಲ್ಲ. ಇವು ಡೋಪಮೈನ್ ಕೆಲಸವನ್ನು ತಡೆಯುತ್ತವೆ. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ಮುಂದುವರಿದರೆ ಪಾರ್ಕಿನ್ಸನ್‌ನಂಥದೇ ಬಿಗಿತ, ನಡುಕ, ಮಂದ ನಡಿಗೆ ತರಿಸಬಲ್ಲವು. ಜೊತೆಗೆ ಒಳಕಿವಿಯ ಸುದ್ದಿಯನ್ನೂ ಮಂಕಾಗಿಸುತ್ತವೆ, ಅಂದರೆ ಉಳಿದಿರುವ ಸಾಕ್ಷಿಯ ಬಾಯನ್ನೂ ಕಟ್ಟಿದಂತೆ. ತೀವ್ರವಾದ ತಲೆಸುತ್ತಿಗೆ ಕೆಲವು ದಿನ ಕೊಡುವ ಔಷಧ ಇವು. ನಮ್ಮಲ್ಲಿ ಚೀಟಿ ಹಳೆಯದಾದರೂ ಔಷಧಿ ಅಂಗಡಿಯಿಂದ ತಂದು ನುಂಗುತ್ತಲೇ ಇರುವವರನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ. ನಿಮ್ಮ ವೈದ್ಯರ ಹತ್ತಿರ ಮಾತಾಡಿ ನಿಲ್ಲಿಸುವ ಬಗ್ಗೆ ಕೇಳಿ.

ನಿಮ್ಮ ತಾಯಿಯವರಲ್ಲಿ ನಾನು ಮೊದಲು ಅನುಮಾನಿಸುವುದು ವಿಟಮಿನ್ ಬಿ–12 ಕೊರತೆ, ಅದರ ಜೊತೆಗೆ ಸಕ್ಕರೆ ಕಾಯಿಲೆಯಿಂದ ಆದ ನರದ ಸವೆತ. ಬಿ–12 ಸೊಪ್ಪು, ಕಾಳು, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಸಿಗುವುದು ಹಾಲು ಮೊಸರಿನಿಂದ ಬರುವ ಸ್ವಲ್ಪವೇ. ಮೆಟ್‌ಫಾರ್ಮಿನ್ ಅದನ್ನು ಕರುಳು ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಗ್ಯಾಸ್ ಮಾತ್ರೆಯನ್ನೂ ವರ್ಷಗಟ್ಟಲೆ ನುಂಗುತ್ತಿದ್ದರೆ ಇನ್ನೂ ಕಡಿಮೆ. ಯಕೃತ್ತಿನಲ್ಲಿರುವ ದಾಸ್ತಾನು ಕೆಲವು ವರ್ಷ ಕಾಯುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ಬರುತ್ತದೆ. ಬಂದಾಗ ಅದು ಮೊದಲು ಹಾಳುಮಾಡುವ ಜಾಗಗಳಲ್ಲಿ ಒಂದು ಬೆನ್ನುಹುರಿಯ ಹಿಂಭಾಗ, ಅಂದರೆ ಪಾದದ ಸುದ್ದಿ ಮೇಲೇರುವ ಅದೇ ದಾರಿ. ಬೇಗ ಗುರುತಿಸಿದರೆ ಬಹಳಷ್ಟು ಮರಳಿ ಪಡೆಯಬಹುದು. ತಡವಾದಷ್ಟೂ ಉಳಿಯುವ ಕೊರತೆ ಹೆಚ್ಚು. ಹಾಗಾಗಿ ಮುಂದಿನ ವಾರಕ್ಕೆ ಎಂದು ಮುಂದೂಡಬೇಡಿ.

ರಕ್ತದಲ್ಲಿ ಬಿ–12 ಮಟ್ಟ ಪರೀಕ್ಷಿಸಿ. ಒಂದು ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಚಿತ ಎಂದೇ ಹೇಳಬಹುದು. 200ರಿಂದ 300ರ ನಡುವೆ ಇದ್ದು ಇಂಥ ಲಕ್ಷಣ ಇದ್ದರೂ ‘ಲ್ಯಾಬ್ ಪ್ರಕಾರ ಸರಿಯಿದೆ’ ಎಂದು ಸುಮ್ಮನಾಗಬಾರದು. ಬಿ–12 ಫಲಿತಾಂಶ ಕೈಗೆ ಬರುವ ಮೊದಲು ಫೋಲಿಕ್ ಆಸಿಡ್ ಎಂಬ ಇನ್ನೊಂದು ವಿಟಮಿನ್ ಮಾತ್ರೆಯನ್ನಷ್ಟೇ ಶುರು ಮಾಡುವುದು ಅಪಾಯ. ಬಿ–12 ಕೊರತೆಯಿಂದ ಬಂದ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರದ ಹಾನಿ ಮುಂದುವರಿಯುತ್ತದೆ. ವೈದ್ಯರು 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳ ಮೂಳೆಗೆ ಇಟ್ಟು ಕಂಪನ ತಿಳಿಯುತ್ತದೆಯೇ ನೋಡಬೇಕು, ಕಣ್ಣು ಮುಚ್ಚಿಸಿ ಬೆರಳನ್ನು ಮೇಲೆ ಕೆಳಗೆ ಅಲುಗಿಸಿ ದಿಕ್ಕು ಕೇಳಬೇಕು. ಎರಡು ನಿಮಿಷದ ಪರೀಕ್ಷೆ, ಖರ್ಚಿಲ್ಲ. ಮಲಗಿದ್ದಾಗ ಮತ್ತು ಎದ್ದು ಮೂರು ನಿಮಿಷ ನಿಂತ ಮೇಲೆ ಬಿಪಿ ಅಳೆಯಿಸಿ, ಮೇಲಿನ ಅಂಕಿ 20ರಷ್ಟು ಇಳಿದರೆ ಅದೂ ಬೀಳಲು ಕಾರಣ. ಸಕ್ಕರೆ ಕಾಯಿಲೆಯವರಲ್ಲಿ ಬಿಸಿನೀರಿನ ಸ್ನಾನ ಇದನ್ನು ಹೆಚ್ಚಿಸುತ್ತದೆ. ಅಗತ್ಯ ಕಂಡರೆ ಕತ್ತಿನ ಭಾಗದ ಬೆನ್ನುಹುರಿಯ ಎಂಆರ್‌ಐ ಮತ್ತು ನರಗಳ ವೇಗದ ಪರೀಕ್ಷೆ ಆಮೇಲೆ.

ಒಂದು ಎಚ್ಚರಿಕೆ: ಯಾವತ್ತಾದರೂ ತೂರಾಟ ಇದ್ದಕ್ಕಿದ್ದಂತೆ ಶುರುವಾಗಿ, ಜೊತೆಗೆ ಮಾತು ತೊದಲಿದರೆ, ಒಂದೇ ವಸ್ತು ಎರಡಾಗಿ ಕಂಡರೆ, ಮುಖ ಓರೆಯಾದರೆ, ಒಂದು ಬದಿ ಸೋತರೆ ಮಾತ್ರೆ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಅದು ಮೆದುಳಿನ ರಕ್ತನಾಳದ ತೊಂದರೆ ಇರಬಹುದು, ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಈ ಮಧ್ಯೆ ಮನೆಯಲ್ಲಿ ಮಾಡಬೇಕಾದದ್ದು ಸರಳ. ಸ್ನಾನಕ್ಕೆ ಎತ್ತರದ ಸ್ಟೂಲು ಅಥವಾ ಕುರ್ಚಿ ಹಾಕಿ, ಕೂತೇ ಸ್ನಾನ ಮಾಡಲಿ. ಗೋಡೆಗೆ ಹಿಡಿಕೆ ಹಾಕಿಸಿ. ಹಾಸಿಗೆಯಿಂದ ಬಚ್ಚಲವರೆಗೆ ಬ್ಯಾಟರಿಯ ಸಣ್ಣ ದೀಪಗಳು ರಾತ್ರಿಯಿಡೀ ಉರಿಯಲಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ, ತೆಳುವಾದ ಗಟ್ಟಿ ತಳದ ಚಪ್ಪಲಿ ಇರಲಿ. ಮೆತ್ತನೆಯ ತಳ ಆರಾಮ ಅನಿಸಿದರೂ ಪಾದದ ಉಳಿದ ಸುದ್ದಿಯನ್ನೂ ನುಂಗಿಬಿಡುತ್ತದೆ. ದಿನಾ ಅಡುಗೆಕಟ್ಟೆಯನ್ನು ಹಿಡಿದುಕೊಂಡು, ನೀವು ಪಕ್ಕದಲ್ಲಿ ನಿಂತು, ಪಾದ ಜೋಡಿಸಿ ನಿಲ್ಲುವುದು, ಒಂದರ ಮುಂದೆ ಒಂದು ಪಾದ ಇಟ್ಟು ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು ಇಷ್ಟನ್ನು ಮಾಡಿಸಿ. ಬಿದ್ದೇನು ಎಂಬ ಭಯಕ್ಕೆ ಕೂತೇ ಇದ್ದರೆ ಕಾಲಿನ ಶಕ್ತಿಯೂ ಹೋಗುತ್ತದೆ, ಮೆದುಳಿಗೆ ಕಲಿಯುವ ಅವಕಾಶವೂ ಹೋಗುತ್ತದೆ. ನಡಿಗೆ ನಿಲ್ಲಿಸಬೇಡಿ, ಬೆಳಕು ಹರಿದ ಮೇಲೆ ಹೋಗಲಿ.

ಊರುಗೋಲಿನ ವಿಷಯದಲ್ಲಿ ಅಮ್ಮನಿಗೆ ಹೀಗೆ ಹೇಳಿ ನೋಡಿ. ಅದು ಮೈಭಾರ ಹೊರಲಿಕ್ಕಲ್ಲ. ಬೆರಳ ತುದಿಯಿಂದ ಒಂದು ಸ್ಥಿರವಾದ ವಸ್ತುವನ್ನು ಹಗುರವಾಗಿ ಮುಟ್ಟಿದರೂ, ಆ ಒತ್ತಡ ನೂರು ಗ್ರಾಂ ಭಾರದಷ್ಟೂ ಇಲ್ಲದಿದ್ದರೂ, ಕಣ್ಣು ಮುಚ್ಚಿ ನಿಂತವರ ಓಲಾಟ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಷ್ಟು ಹಗುರವಾದ ಒತ್ತಡ ಯಾರನ್ನೂ ಎತ್ತಿ ಹಿಡಿಯಲಾರದು. ಅದು ಕೊಡುವುದು ಸುದ್ದಿ: ಪಾದ ಹೇಳಲಾಗದ್ದನ್ನು ಅಂಗೈ ಹೇಳುತ್ತದೆ. ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಲಿ, ಮೊಣಕೈ ಸ್ವಲ್ಪ ಬಾಗಿರಲಿ, ತುದಿಯ ರಬ್ಬರು ಸವೆದಾಗ ಬದಲಿಸಿ. ಮೊದಲು ಸಂಜೆಯ ಮೇಲೆ ಮಾತ್ರ ಹಿಡಿಯಲಿ.